ಮುಟ್ಟಿದ್ದು, ಮುಗಿದದ್ದು

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಬಹಳ ವರ್ಷ ಟೈಪಿಂಗ್ ಕಲಿಸಿದೆ. ಆಮೇಲೆ ಕಾಲ ಬದಲಾಯಿತೆಂದು ಬೋರ್ಡಿನ ಮೇಲೆ ಕಂಪ್ಯೂಟರ್ ಎಂದೂ ಬರೆಸಿದೆ. ನನ್ನ ಹೆಸರು ಗೌರೀಶ. ಸಿಟ್ಟಿನ ಮನುಷ್ಯ ಎಂದು ಓಣಿಯವರು ಹೇಳುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ಆದರೆ ಇದು ನನ್ನ ಕಥೆಯಲ್ಲ. ನನ್ನ ಕೇಂದ್ರದಲ್ಲಿ ಕಲಿತು, ಅಲ್ಲಿಯೇ ಕಲಿಸುವವಳಾದ ನಾಗರತ್ನಾಳ ಕಥೆ. ಅವಳ ಬದುಕಿನಲ್ಲಿ ಒಂದು ಕೆಟ್ಟ ದಿನ ಬಂತು. ಆ ದಿನದಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದೆ ಬರೆಯಲು ಕೈ ಓಡುವುದಿಲ್ಲ.

ಅವಳು ಬಂದದ್ದು ೧೯೯೪ರಲ್ಲಿ. ಮುರಗೋಡದವಳು, ಪಿಯುಸಿ ಮುಗಿಸಿದ್ದಳು, ದಿನಾ ಬೆಳಿಗ್ಗೆ ಏಳರ ಬಸ್ಸಿಗೆ ಬಂದಿಳಿಯುತ್ತಿದ್ದಳು. ನನ್ನಲ್ಲಿ ಆಗ ಹನ್ನೊಂದು ಮಷಿನ್ನು, ಎಂಬತ್ತು ವಿದ್ಯಾರ್ಥಿಗಳು. ಅದರಲ್ಲೂ ಕನ್ನಡದ ಮಷಿನ್ನು ಮೂರೇ. ಬೇಗ ಬಂದವನು ಒಂದು ತಾಸು ಗೂಟ ಹೊಡೆದು ಕುಳಿತುಬಿಡುತ್ತಿದ್ದ, ಮರುವಾರ ಪರೀಕ್ಷೆ ಇದ್ದವಳು ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಇಬ್ಬರಿಗೂ ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ನಾಗರತ್ನಾ ಸೇರಿದ ಮೂರನೆಯ ವಾರ ಒಂದು ಡ್ರಾಯಿಂಗ್ ಹಾಳೆಯ ಮೇಲೆ ಪಾಳಿ ಬರೆದು ಗೋಡೆಗೆ ಅಂಟಿಸಿದಳು. ಯಾರಿಗೆ ಅವಸರ, ಯಾರಿಗಿಲ್ಲ, ಯಾರು ಒಮ್ಮೆ ಕುಳಿತರೆ ಏಳುವುದಿಲ್ಲ, ಎಲ್ಲವನ್ನೂ ಲೆಕ್ಕ ಹಾಕಿ ಹತ್ತು ಹತ್ತು ನಿಮಿಷಕ್ಕೆ ಹಂಚಿದ್ದಳು.

"ಯಾರನ್ನ ಕೇಳಿ ಅಂಟಿಸಿದಿ?" ಎಂದು ನಾನು ಗದರಿದೆ.

"ಯಾರನ್ನೂ ಕೇಳಿಲ್ರಿ ಸರ್. ದಿನಾ ಈ ಜಗಳ ಕೇಳಾಕ ಆಗವಲ್ದು."

ಆ ವಾರದಿಂದ ಜಗಳ ನಿಂತಿತು. ನನ್ನ ಕೇಂದ್ರದಲ್ಲಿ ಮೊದಲ ಸಲ ಟೈಪಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದಂತಾಯಿತು. ನನಗೆ ಒಳಗೊಳಗೆ ಖುಷಿಯಾದರೂ ಬಾಯಿ ಬಿಟ್ಟು ಹೇಳಲಿಲ್ಲ. ಎರಡು ವರ್ಷದ ಮೇಲೆ ಅವಳನ್ನೇ ಕಲಿಸಲು ಇಟ್ಟುಕೊಂಡೆ.

ಕಂಪ್ಯೂಟರ್ ಬಂದ ಮೇಲೆ ನಾನು ಹಿಂದೆ ಬಿದ್ದೆ, ಅವಳು ಮುಂದೆ ಹೋದಳು. ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿ ಲಿನಕ್ಸ್ ಎಂಬುದಿತ್ತು. ಅದರ ಒಳಗಿನ ಬರಹವನ್ನೆಲ್ಲ ಯಾರು ಬೇಕಾದರೂ ತೆರೆದು ಓದಬಹುದೆಂದು ತಿಳಿದದ್ದೇ ತಡ, ಊಟದ ಹೊತ್ತಿನಲ್ಲಿ ಡಬ್ಬಿ ತೆರೆದಿಟ್ಟು ಅದನ್ನೇ ಓದುತ್ತ ಕೂರುತ್ತಿದ್ದಳು. ತಿಳಿಯದ್ದನ್ನು ಫೋನಿನ ತಂತಿಯ ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿಯದೋ ದೇಶದವರಿಗೆ ಬರೆದು ಕೇಳುತ್ತಿದ್ದಳು. ಅವರು ಇವಳನ್ನು ಗಂಡಸೆಂದು ತಿಳಿದು ಉತ್ತರ ಬರೆಯುತ್ತಿದ್ದರು. ವಯಸ್ಸು ಮೂವತ್ತರ ಹತ್ತಿರ ಬಂದಾಗ ನಮ್ಮ ಓಣಿಯ ಸೋಮವ್ವ ತಡೆಯಲಾರದೆ, "ನಾಗರತ್ನಾ, ನಿನ್ನ ಮದವಿ ಎಂದವಾ?" ಎಂದು ಕೇಳಿದಳು. "ಪಾಳಿಯೊಳಗ ಐತಿ ಬಿಡಬೇ, ಅದರಕಿಂತ ಅವಸರದ್ದು ಭಾಳ ಅದಾವು" ಎಂದು ಇವಳು ನಕ್ಕುಬಿಟ್ಟಳು.

೨೦೦೬ರ ಬೇಸಿಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿ ನಿಂಗರಾಜ ಬಂದ. ರಾಮದುರ್ಗದ ಕಡೆಗೆ ಒಂದು ಖಾಸಗಿ ಸಕ್ಕರೆ ಕಾರ್ಖಾನೆ ಇತ್ತು. ಅದರ ಹೆಸರು ಇಲ್ಲಿ ಬೇಡ. ಅಲ್ಲಿನ ಬಾಯ್ಲರ್ ವಿಭಾಗದ ಕಂಟ್ರೋಲ್ ರೂಮಿನಲ್ಲಿ ನಿಂಗರಾಜ ಆಪರೇಟರ್ ಆಗಿದ್ದ. ಬಾಯ್ಲರಿನ ಒತ್ತಡ, ಶಾಖ, ನೀರಿನ ಮಟ್ಟ ಎಲ್ಲವನ್ನೂ ತೆರೆಯ ಮೇಲೆ ತೋರಿಸಲು ಕಂಪ್ಯೂಟರ್ ತರಿಸಿದ್ದರು. ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಆದರೆ ಚಿತ್ರ ಬಿಡಿಸುವ ಕಾರ್ಡು ಮಾಡಿದ ಕಂಪನಿ ಬಾಗಿಲು ಹಾಕಿಕೊಂಡು ಹೋಗಿತ್ತು. ಅದಕ್ಕೆ ತಕ್ಕ ಡ್ರೈವರ್ ಇರಲಿಲ್ಲ. ತೆರೆ ಆಮೆಯಂತೆ ತೆವಳುತ್ತಿತ್ತು.

ಡ್ರೈವರ್ ಎಂದರೆ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಎಲ್ಲ ಪ್ರೋಗ್ರಾಮುಗಳ ತಳದಲ್ಲಿ ಕರ್ನೆಲ್ ಎಂಬುದೊಂದು ಇರುತ್ತದೆ. ಯಾವುದು ಯಾರಿಗೆ ಎಷ್ಟು ಹೊತ್ತು ಸಿಗಬೇಕೆಂದು ನಿರ್ಧರಿಸುವ ಯಜಮಾನ ಅದು. ಚಿತ್ರ ಬಿಡಿಸಲು ಬೇರೆಯೇ ಒಂದು ಚಿಪ್ ಇರುತ್ತದೆ. ಕರ್ನೆಲ್ಲಿನ ಕಡೆಯಿಂದ ಆ ಚಿಪ್ಪಿಗೆ ಕೆಲಸ ಹೇಳುವುದೇ ಗ್ರಾಫಿಕ್ಸ್ ಡ್ರೈವರ್. ಚಿತ್ರ ಬೇಕೆಂದ ಪ್ರೋಗ್ರಾಮುಗಳೆಲ್ಲ ಅದರ ಕೈಗೆ ಚೀಟಿ ಕೊಡುತ್ತವೆ. ಅದು ಚೀಟಿಗಳನ್ನು ಪಾಳಿಗೆ ಹಚ್ಚಿ ಒಂದೊಂದಾಗಿ ಚಿಪ್ಪಿಗೆ ದಾಟಿಸುತ್ತದೆ. ಚಿಪ್ ಕೆಲಸ ಮುಗಿಸಿ "ಆಯಿತು" ಎಂದರೆ ಹೊಸ ಚಿತ್ರ ತೆರೆಗೆ ಬರುತ್ತದೆ. ಇಷ್ಟು ಕೇಳಿದಾಗ ನಾನು, "ಇದು ನಮ್ಮ ಟೈಪಿಂಗ್ ಮಷಿನ್ನಿನ ಜಗಳನ ಅಲ್ಲೇನು?" ಎಂದೆ. "ಅದೇರಿ ಸರ್, ಅದಕ್ಕ ನನಗ ಬರ್ತೈತಿ" ಎಂದು ನಾಗರತ್ನಾ ಒಪ್ಪಿಕೊಂಡುಬಿಟ್ಟಳು.

ಕೆಲಸ ಶುರು ಮಾಡುವ ಮುಂಚೆ ಬಾಯ್ಲರ್ ನೋಡಬೇಕೆಂದು ಹಟ ಹಿಡಿದಳು. ಇಬ್ಬರೂ ಸವದತ್ತಿಯಲ್ಲಿ ಬಸ್ಸು ಬದಲಿಸಿ ಹೋದೆವು. ಕಬ್ಬಿನ ಹಂಗಾಮು ಇರಲಿಲ್ಲ, ಬಾಯ್ಲರ್ ತಣ್ಣಗಿತ್ತು. ಅಲ್ಲಿ ಸಿಕ್ಕವನು ಹನುಮಪ್ಪ. ಚಚಡಿಯವನು, ಐವತ್ತರ ಆಸುಪಾಸು, ಇಪ್ಪತ್ತು ವರ್ಷ ಬಾಯ್ಲರುಗಳ ಮಗ್ಗುಲಲ್ಲೇ ಕಳೆದವನು. ನೀರಿನ ಮಟ್ಟ ನೋಡಿ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ಮೇಲಿನ ಅಟ್ಟದಲ್ಲಿ, ಬಾಯ್ಲರಿನ ಹೊಟ್ಟೆಗೆ ಸಿಕ್ಕಿಸಿದ ಒಂದು ಗಾಜಿನ ಕೊಳವೆಯನ್ನು ಅವನು ತೋರಿಸಿದ. ಒಳಗಿನ ನೀರು ಎಷ್ಟಿದೆಯೋ ಕೊಳವೆಯಲ್ಲೂ ಅಷ್ಟೇ ಇರುತ್ತದೆ, ನೀರಿನ ಮೇಲ್ಗೆರೆ ಕಣ್ಣಿಗೆ ಕಾಣುತ್ತದೆ.

"ಇದರಾಗ ಒಂದು ಮ್ವಾಸ ಐತ್ರಿ ಅಕ್ಕಾರ," ಎಂದ. "ನೀರು ಪೂರಾ ತುಂಬಿದ್ರೂ ಗೆರಿ ಕಾಣಂಗಿಲ್ಲ. ಪೂರಾ ಖಾಲಿ ಆದ್ರೂ ಕಾಣಂಗಿಲ್ಲ. ಎರಡೂ ಒಂದ ನಮೂನಿ."

"ಹಂಗಾದ್ರ ಏನ್ ಮಾಡ್ತೀರಿ?"

"ಕಂಟ್ರೋಲ್ ರೂಮಿಗೆ ಕೇಳ್ತೀನ್ರಿ. ಇನ್ನಮ್ಯಾಲೆ ನಿಮ್ಮ ಚಿತ್ರ ಹೇಳ್ತೈತಲ್ಲ." ಆಮೇಲೆ ಗಾಜಿನ ಕೆಳಗಿನ ದೊಡ್ಡ ಗಾಲಿಯ ಮೇಲೆ ಕೈ ಇಟ್ಟ. ನೀರು ಬಿಡುವ ಗಾಲಿ ಅದು. "ನೀರು ಈಗರ ಇಳದಿದ್ರ ದೌಡ ಬಿಡಬೇಕ್ರಿ. ಇಳದು ಭಾಳ ಹೊತ್ತಾಗಿದ್ರ ಒಳಗ ಕೊಳವಿ ಕೆಂಪಗ ಕಾದಿರ್ತಾವು. ಆವಾಗ ಒಂದು ತಂಬಿಗಿ ನೀರು ಬಿದ್ರೂ ಈ ಮನಿ ಇರಂಗಿಲ್ಲ, ನಾನೂ ಇರಂಗಿಲ್ಲ."

ತಿರುಗಿ ಬರುವಾಗ ನಾಗರತ್ನಾ ಬಸ್ ಟಿಕೀಟಿನ ಹಿಂದೆ ಗಾಜಿನ ಕೊಳವೆಯ ಚಿತ್ರ ಗೀಚುತ್ತಿದ್ದಳು. ಮುನವಳ್ಳಿ ದಾಟಿದ ಮೇಲೆ, "ಆ ಮನಶ್ಯಾ ನಾ ಬರಿಯೋದನ್ನ ನಂಬಿ ನಿಂತಿರ್ತಾನ್ರಿ ಸರ್" ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಹೂಂಗುಟ್ಟಿದೆ.

ಆಗಸ್ಟಿಗೆ ಡ್ರೈವರ್ ತಯಾರಾಯಿತು. ನಿಂಗರಾಜ ಬಂದು ಒಯ್ದು ಕಾರ್ಖಾನೆಯ ಕಂಪ್ಯೂಟರಿಗೆ ಹಚ್ಚಿದ. ತೆರೆ ಚುರುಕಾಯಿತೆಂದು ಕಾರ್ಖಾನೆಯವರು ಖುಷಿಪಟ್ಟರು. ಅಂಥದೇ ಒಂದು ಕಾರ್ಡು ನಮ್ಮ ಕೇಂದ್ರದಲ್ಲೂ ಇತ್ತು. ಸೆಪ್ಟೆಂಬರಿನಲ್ಲಿ ಕಿತ್ತೂರಿನಿಂದ ನನ್ನ ಬೀಗರು ಬಂದಿದ್ದಾಗ ಜಂಬ ಕೊಚ್ಚಿಕೊಳ್ಳಲು ನಾನು ಆ ತೆರೆಯನ್ನು ತೋರಿಸಿದೆ. ಇಡೀ ವರ್ಷದ ಅಂಕಿಗಳ ದೊಡ್ಡ ಗ್ರಾಫೊಂದನ್ನು ತೆರೆದು, ಬಣ್ಣಬಣ್ಣದ ಗೆರೆಗಳನ್ನು ತೋರಿಸುತ್ತ ಭಾಷಣ ಬಿಗಿದೆ. ಹಿಂದೆ ನಿಂತಿದ್ದ ನಾಗರತ್ನಾ ಒಮ್ಮೆಲೇ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಅದುವರೆಗೆ ಅವಳು ನನ್ನನ್ನು ಮುಟ್ಟಿದವಳಲ್ಲ.

ನೀರಿನ ಮಟ್ಟದ ಪಟ್ಟಿ ಅರ್ಧಕ್ಕೆ ನಿಂತಿತ್ತು. ಪರೀಕ್ಷೆಗೆಂದು ಅವಳು ಹಚ್ಚಿಟ್ಟಿದ್ದ ಅಂಕಿಗಳು ಮಾತ್ರ ಆಗಲೇ ಸೊನ್ನೆಗೆ ಇಳಿದಿದ್ದವು. ತೆರೆಯ ಮೂಲೆಯ ಗಡಿಯಾರ ಏನೂ ಆಗಿಲ್ಲವೆಂಬಂತೆ ಸೆಕೆಂಡು ಎಣಿಸುತ್ತಿತ್ತು. ಗಡಿಯಾರದ ಚಿತ್ರ ಚಿಪ್ಪಿನ ದಾರಿಗೆ ಹೋಗದೆ ಬೇರೆ ದಾರಿಯಲ್ಲಿ ಬರುವುದಂತೆ. ಹಾಗಾಗಿ ನೋಡುವವರಿಗೆ ತೆರೆ ಜೀವಂತ ಇದ್ದ ಹಾಗೆಯೇ ಕಾಣುತ್ತಿತ್ತು. ಬೀಗರು ಚಹಾ ಕುಡಿದು ಹೋಗುವವರೆಗೂ ಪಟ್ಟಿ ಅಲ್ಲಾಡಲಿಲ್ಲ. ಅವಳು ಗ್ರಾಫ್ ಮುಚ್ಚಿದ ಕೂಡಲೇ ಅದು ದೊಪ್ಪನೆ ತಳಕ್ಕೆ ಬಿತ್ತು.

ಎರಡು ದಿನ ಕೆದಕಿ ಅವಳು ಕಾರಣ ಹುಡುಕಿದಳು. ಗ್ರಾಫಿನ ಕೆಲಸ ದೊಡ್ಡದು. ಅದು ಚಿಪ್ಪನ್ನು ಹಿಡಿದು ಕುಳಿತರೆ ಮಟ್ಟದ ಚೀಟಿಗಳು ಹಿಂದೆ ಕಾಯುತ್ತ ಬೀಳುತ್ತಿದ್ದವು. ಕಾದರೆ ಕಾಯಲಿ, ಅದು ತಿಳಿಯಬೇಕಲ್ಲ? ಆದರೆ ಈ ಚಿಪ್ ಚೀಟಿ ಕೈಗೆ ಬಿದ್ದ ಕೂಡಲೇ ಆಯಿತು ಎಂದುಬಿಡುತ್ತಿತ್ತು. ಡ್ರೈವರ್ ಅದನ್ನು ನಂಬಿ, ಹೊಸದು ಬಂತೆಂದು ಹಳೆಯ ಚಿತ್ರವನ್ನೇ ಮತ್ತೆ ಮತ್ತೆ ತೆರೆಗೆ ಏರಿಸುತ್ತಿತ್ತು.

ನನಗೆ ನಗು ಬಂತು. "ಪಕ್ಕಾ ನಮ್ಮ ಕಡೇದ ಚಿಪ್ ಐತಿ ಬಿಡು" ಎಂದೆ. ನಮ್ಮಲ್ಲಿ ದರ್ಜಿಗೆ ಹೋಗಿ ಅಂಗಿ ಕೇಳಿದರೆ "ಆತ್ರಿ" ಎನ್ನುತ್ತಾನೆ, ಬಟ್ಟೆಗೆ ಕತ್ತರಿ ಬಿದ್ದಿರುವುದಿಲ್ಲ. ಹೊರಡು ಎಂದರೆ "ಬಂದ್ನಿ" ಎನ್ನುತ್ತಾರೆ, ಇನ್ನೂ ಮುಖ ತೊಳೆದಿರುವುದಿಲ್ಲ. ಹೇಳಿದ್ದು ಕಿವಿಗೆ ಬಿತ್ತು ಎನ್ನುವುದಕ್ಕೂ ಆತ್ರಿ, ಒಪ್ಪಿದೆ ಎನ್ನುವುದಕ್ಕೂ ಆತ್ರಿ, ಮಾಡಿ ಮುಗಿಸಿದೆ ಎನ್ನುವುದಕ್ಕೂ ಆತ್ರಿ. ನಾಗರತ್ನಾ ನಗಲಿಲ್ಲ.

"ಹನುಮಪ್ಪಾರು ಆ ಪಟ್ಟಿ ನಂಬಿ ಗಾಲಿ ತಿರವ್ತಾರ್ರಿ ಸರ್" ಎಂದಳು.

ಮುಂದಿನ ಆರು ವಾರ ಅವಳು ಮನುಷ್ಯರಂತೆ ಇರಲಿಲ್ಲ. ಮೊದಲು ಕೋಡ್ ಮುಟ್ಟಲೇ ಇಲ್ಲ, ಬರೀ ಯೋಜನೆ. ಉದ್ದುದ್ದ ಹಾಳೆಗಳನ್ನು ಅಂಟಿಸಿ ಗೋಡೆ ತುಂಬ ಚೌಕ ಎಳೆದಳು. ಪ್ರತಿ ಚೀಟಿಗೂ ಎರಡು ಗುರುತು ಇರಬೇಕು. ಒಂದು 'ಮುಟ್ಟಿತು', ಇನ್ನೊಂದು 'ಮುಗಿಯಿತು'. ಚಿಪ್ಪಿನ ಬಾಯಿಮಾತು ನಂಬಬಾರದು. ಕೆಲಸದ ಕೊನೆಗೆ ಅದರ ಕೈಯಿಂದಲೇ ಒಂದು ಅಂಕಿ ಬರೆಸಬೇಕು, ಆ ಅಂಕಿಯನ್ನು ಓದಿದ ಮೇಲೆಯೇ ಮುಗಿಯಿತೆನ್ನಬೇಕು. ನೀರಿನ ಮಟ್ಟಕ್ಕೆ ಬೇರೆ ಪಾಳಿ, ಎಲ್ಲರಿಗಿಂತ ಮುಂದೆ. ದೊಡ್ಡ ಕೆಲಸ ತಂದವರು ಅದನ್ನು ತುಂಡು ತುಂಡು ಮಾಡಿಯೇ ಕೊಡಬೇಕು. ಮಟ್ಟದ ಚಿತ್ರ ಎರಡು ಸೆಕೆಂಡಿನಲ್ಲಿ ಮುಗಿಯದಿದ್ದರೆ ಆ ಜಾಗವನ್ನು ಕಪ್ಪು ಮಾಡಿಬಿಡಬೇಕು.

"ಕರೀ ಪರದೆ ಕಂಡ್ರ ಮಂದಿ ಗಾಬರಿ ಆಗ್ತಾರಲ್ಲ?" ಎಂದು ಕೇಳಿದೆ.

"ಆಗ್ಲಿರಿ. ಗಾಬರಿ ಆದಾಂವ ಹೋಗಿ ನೋಡ್ತಾನ. ಹಳೇ ಚಿತ್ರ ಕಂಡಾಂವ ಕುಂತ ಬಿಡ್ತಾನ."

ಆ ದಿನಗಳಲ್ಲಿ ಅವಳಿಗೆ ಒಂದು ಚಾಳಿ ಅಂಟಿಕೊಂಡಿತು. ಯಾರೇ "ಆತ್ರಿ" ಅಂದರೂ, "ಯಾವ ಆತು? ಮುಟ್ಟಿದ್ದೋ, ಮುಗದದ್ದೋ?" ಎಂದು ಕೇಳುವುದು. ಚಹಾದ ಅಂಗಡಿಯ ಉಳವಪ್ಪನನ್ನೂ ಬಿಡಲಿಲ್ಲ. ಅವನು ಇವಳ ದನಿ ಕೇಳಿದರೆ ಸಾಕು, "ಮುಗದದ್ದ ಐತ್ರಿ, ಕುಡೀರಿ" ಎಂದು ಲೋಟ ಮುಂದಿಡುತ್ತಿದ್ದ.

ನವೆಂಬರಿನ ಎರಡನೆಯ ವಾರಕ್ಕೆ ಬಾಯ್ಲರ್ ಹೊತ್ತಿಸುವ ಪೂಜೆ ಎಂದು ಕಾರ್ಖಾನೆಯವರು ಮುಹೂರ್ತ ಇಟ್ಟರು. ಹನ್ನೆರಡು ದಿನ ಮುಂಚೆ ಹೊಸ ಡ್ರೈವರ್ ಮುಗಿಯಿತು. ತಾನೇ ಹೋಗಿ ಹಚ್ಚಿ ಬರುತ್ತೇನೆ ಎಂದಳು. ಅದೇ ವಾರ ಶುರುವಾಗಿ ಹತ್ತು ದಿನ ನನ್ನ ಕೇಂದ್ರದಲ್ಲಿ ಸರಕಾರಿ ಟೈಪಿಂಗ್ ಪರೀಕ್ಷೆ. ನಾನು ಕೆಂಡವಾದೆ. "ಪರೀಕ್ಷಾ ಮುಗಿಯೋಮಟಾ ನೀ ಎಲ್ಲೂ ಹೋಗೂದಿಲ್ಲ. ಸಿಡಿ ಬಸ್ಸಿಗೆ ಹಾಕು, ನಿಂಗರಾಜ ಇಸ್ಕೋತಾನ" ಎಂದೆ. ನಮ್ಮಲ್ಲಿ ಔಷಧಿ, ಬೀಜ, ಮದುವೆ ಪತ್ರಿಕೆ ಎಲ್ಲವೂ ಕಂಡಕ್ಟರನ ಕೈಯಲ್ಲೇ ಊರು ಸೇರುವುದು. ಸಿಡಿಯೂ ಹಾಗೆಯೇ ರಾಮದುರ್ಗದ ಬಸ್ ಹತ್ತಿತು.

ಮೂರನೆಯ ದಿನ ನಾನೇ ಫೋನ್ ಹಚ್ಚಿದೆ. ಪರೀಕ್ಷೆಯ ಗದ್ದಲ, ಬಾಗಿಲಲ್ಲಿ ಮಂದಿ. "ನಿಂಗರಾಜಾ, ಆ ಹೊಸಾದು ಹಚ್ಚೂದು?" ಎಂದು ಒದರಿದೆ.

"ಆತ್ರಿ ಸರ್" ಎಂದ ಅವನು.

ನಾನು ರಿಸೀವರ್ ಇಟ್ಟು, "ಆತಂತ" ಎಂದು ನಾಗರತ್ನಾಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಪ್ರಶ್ನೆಪತ್ರಿಕೆಗಳನ್ನು ಹಾಗೇ ಹಿಡಿದು ನಿಂತು, "ಯಾವ ಆತು ಸರ್? ಸಿಡಿ ಮುಟ್ಟೈತೋ, ಹಚ್ಯಾನೋ?" ಎಂದು ಕೇಳಿದಳು. ನನ್ನ ತಲೆ ಕೆಟ್ಟಿತು. "ಮನಶ್ಯಾರನ್ನ ಚಿಪ್ ಮಾಡಬ್ಯಾಡ ನೀ! ಆತು ಅಂದ್ರ ಆತು!" ಎಂದು ಎಲ್ಲರ ಎದುರು ಕೂಗಾಡಿದೆ. ಅವಳ ಮುಖ ಕೆಂಪಾಯಿತು. ಮತ್ತೆ ಕೇಳಲಿಲ್ಲ. ಇವತ್ತಿಗೂ ಆ ಕೂಗಾಟ ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಪರೀಕ್ಷೆ ಮುಗಿದ ಮರುದಿನ ಅವಳು ನನ್ನ ಅಪ್ಪಣೆಗೆ ಕಾಯಲಿಲ್ಲ. "ನಾ ಹೊಂಟೇನ್ರಿ, ನೀವು ಬಂದ್ರ ಬರ್ರಿ" ಎಂದಳು. ನಾನೂ ಬಸ್ ಹತ್ತಿದೆ. ಕಾರ್ಖಾನೆ ತಲುಪಿದಾಗ ಹನ್ನೊಂದು ಗಂಟೆ ದಾಟಿತ್ತು. ಪೂಜೆ ಹಿಂದಿನ ದಿನವೇ ಮುಗಿದು, ಬಾಗಿಲಿಗೆ ಕಟ್ಟಿದ ಬಾಳೆಕಂಬ ಬಾಡಿತ್ತು. ಚಿಮಣಿಯಿಂದ ಹೊಗೆ ಏಳುತ್ತಿತ್ತು. ಬಾಯ್ಲರ್ ಮನೆಯ ನೆಲ ಚಪ್ಪಲಿಯ ಮೂಲಕವೂ ಅಂಗಾಲಿಗೆ ನಡುಗುವುದು ತಿಳಿಯುತ್ತಿತ್ತು. ನನಗೆ ಆ ನಡುಕ ಸೇರಲಿಲ್ಲ.

ಕಂಟ್ರೋಲ್ ರೂಮು ಬಾಯ್ಲರಿನ ಎದುರಿಗೆ, ಮೇಲಿನ ಅಟ್ಟದ ಮಟ್ಟಕ್ಕೇ ಇತ್ತು. ಬಾಗಿಲು ತೆರೆದು ಕಬ್ಬಿಣದ ಓಣಿಯಲ್ಲಿ ನಲವತ್ತು ಹೆಜ್ಜೆ ಹೋದರೆ ಹನುಮಪ್ಪ ನಿಲ್ಲುವ ಜಾಗ. ಒಳಗೆ ನಿಂಗರಾಜನೂ ಪಾಳಿಯ ಎಂಜಿನಿಯರ್ ನಿಜಗುಣಪ್ಪನವರೂ ಇದ್ದರು. ನಾಗರತ್ನಾ ಯಾರಿಗೂ ನಮಸ್ಕಾರ ಮಾಡಲಿಲ್ಲ, ನೇರವಾಗಿ ತೆರೆಗೆ ಹೋದಳು. ನೀರು ಅರ್ಧ. ಗಡಿಯಾರ ಓಡುತ್ತಿತ್ತು. ಪಕ್ಕದ ತೆರೆಯ ಮೇಲೆ ವರ್ಷದ ದೊಡ್ಡ ಗ್ರಾಫು ಬಣ್ಣ ಚೆಲ್ಲಿ ನಿಂತಿತ್ತು.

"ನಿಂಗರಾಜ, ಹೊಸಾದು ಹಚ್ಚೀಯೇನು?"

ನಿಂಗರಾಜ ಮೇಜಿನ ಖಾನೆ ಎಳೆದ. ಕಂಡಕ್ಟರನ ಕೈಯಿಂದ ಬಂದ ಕಂದು ಕಾಗದದ ಪೊಟ್ಟಣ, ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ. "ಹಚ್ಚೋಣಂತ ಇದ್ನ್ರಿ ಅಕ್ಕಾರ. ಪೂಜಿ ಗಡಿಬಿಡಿ ಮುಗೀಲಿ ಅಂತ ಬಿಟ್ಟಿದ್ನಿ. ಸರ್ ಹಚ್ಚೂದು ಅಂದ್ರು, ಆತ್ರಿ ಅಂದಿದ್ನಲ್ಲ" ಎಂದು ನನ್ನ ಕಡೆ ನೋಡಿದ. ನಾನು ಕೇಳಿದ್ದು ಹಚ್ಚಿದೆಯಾ ಎಂದು. ಅವನು ಕೇಳಿಸಿಕೊಂಡದ್ದು ಹಚ್ಚು ಎಂದು.

"ಈ ಗ್ರಾಫ್ ಯಾವಾಗ ತಗದಿ?"

"ಹತ್ತೂವರಿಗ್ರಿ. ಮ್ಯಾಲಿನ ಸಾಹೇಬ್ರು ನೋಡಾಕ ಬಂದಿದ್ರು."

ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಅಷ್ಟರಲ್ಲಿ ಗೋಡೆಯ ಸ್ಪೀಕರಿನಿಂದ ಹನುಮಪ್ಪನ ದನಿ ಬಂತು. "ಸಾಹೇಬ್ರ, ಆಗಿಂದ ಒರಸಿ ಒರಸಿ ನೋಡಾಕತ್ತೇನ್ರಿ, ಗಾಜಿನ್ಯಾಗ ಗೆರಿ ಕಾಣವಲ್ದ್ರಿ."

ನಿಜಗುಣಪ್ಪನವರು ತೆರೆ ನೋಡಿ ಗುಂಡಿ ಒತ್ತಿದರು. "ಅರ್ಧ ಐತಿ ಹನುಮಪ್ಪ, ಬರೋಬ್ಬರಿ ಐತಿ. ಗಾಜಿನ್ಯಾಗ ಕಸಾ ಕಟ್ಟಿರಬೇಕು." ನೀರು ಕಡಿಮೆಯಾದರೆ ಕೂಗುವ ಒಂದು ಭೋಂಗಾ ಇತ್ತು. ಪೂಜೆಯ ಭಾಷಣಕ್ಕೆ ಅಡ್ಡಿಯಾಗಬಾರದೆಂದು ಹಿಂದಿನ ದಿನ ಅದರ ತಂತಿ ತೆಗೆದಿದ್ದರು, ಮತ್ತೆ ಜೋಡಿಸಿರಲಿಲ್ಲ. ಇದು ನನಗೆ ಆಮೇಲೆ ತಿಳಿಯಿತು.

ನಾಗರತ್ನಾ 'ಸರ್' ಎಂದಳು, ಯಾರಿಗೆ ಎಂದು ಹೇಳಲಿಲ್ಲ. ಕೈ ಚಾಚಿ ಗ್ರಾಫನ್ನು ಮುಚ್ಚಿದಳು. ಮೊದಲು ಮಾತಾಡಿ ಆಮೇಲೆ ಮುಚ್ಚಬೇಕಿತ್ತು ಎಂದು ಅವಳು ಈಗಲೂ ಹೇಳುತ್ತಾಳೆ. ಕಾಯುತ್ತ ಬಿದ್ದಿದ್ದ ಚೀಟಿಗಳೆಲ್ಲ ಒಮ್ಮೆಲೇ ಹರಿದವು. ಮಟ್ಟದ ಪಟ್ಟಿ ಅರ್ಧದಿಂದ ತಳಕ್ಕೆ ಬಿದ್ದು ಕೆಂಪಾಯಿತು.

ನಿಜಗುಣಪ್ಪನವರ ಕಣ್ಣೆದುರಿಗೆ ಅರ್ಧ ಇದ್ದ ನೀರು ಆ ಕ್ಷಣ ಮಾಯವಾಗಿತ್ತು. ಈಗ ತಾನೇ ಇಳಿದ ನೀರಿಗೆ ಏನು ಮಾಡಬೇಕೋ ಅದನ್ನೇ ಅವರು ಮಾಡಿದರು. "ಹನುಮಪ್ಪ, ನೀರು ಹೋತು! ಗಾಲಿ ತಗಿ, ಪೂರಾ ತಗಿ!" ಎಂದು ಒದರಿದರು. ಆ ಕಡೆಯಿಂದ ಉತ್ತರ ಬರಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಒದರಿದರು. ಆಗಲೂ ಉತ್ತರವಿಲ್ಲ.

ನಾಗರತ್ನಾ ಅವರ ತೋಳು ಹಿಡಿದು ಜಗ್ಗಿದಳು. "ಈಗ ಇಳದಿದ್ದಲ್ರಿ ಸರ್! ಅರ್ಧ ಇದ್ದದ್ದು ಹತ್ತೂವರಿ ಚಿತ್ರರಿ. ಖಾಲಿ ಆಗಿ ಎಷ್ಟೊತ್ತಾಗೇತೋ ಯಾರಿಗೂ ಗೊತ್ತಿಲ್ರಿ!"

ಅವರ ಮುಖದ ರಕ್ತ ಇಳಿದದ್ದನ್ನು ನಾನು ಕಂಡೆ. ಅವಳೇ ಗುಂಡಿ ಒತ್ತಿದಳು. "ಹನುಮಪ್ಪಾರ, ನಾ ನಾಗರತ್ನಾ. ಗಾಲಿ ಮುಟ್ಟಬ್ಯಾಡ್ರಿ. ನೀರು ಬಿಡಬ್ಯಾಡ್ರಿ. ಎಲ್ಲಾ ಬಿಟ್ಟು ಕೆಳಗ ಇಳದು ಬರ್ರಿ!" ಗುಂಡಿ ಬಿಟ್ಟು ಬಾಗಿಲಿಗೆ ಓಡಿದಳು. ಚಿಲಕದ ಮೇಲೆ ಕೈ ಇಟ್ಟಿದ್ದಳು.

ಸ್ಪೀಕರ್ ಗೊರಗುಟ್ಟಿತು. "ಆತ್ರಿ" ಎಂದ ಹನುಮಪ್ಪ.

ನಾಗರತ್ನಾ ನಿಂತಳು. "ಕೇಳಿದ್ರು" ಎಂದಳು, ಉಸಿರು ಬಿಟ್ಟಳು. ನಾನು ಗೋಡೆಗೆ ಒರಗಿದೆ. ನಿಜಗುಣಪ್ಪನವರು ಕುರ್ಚಿಯಲ್ಲಿ ಕುಸಿದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಿಂಗರಾಜ ಕೈಯಲ್ಲಿದ್ದ ಪೊಟ್ಟಣದ ದಾರ ಬಿಚ್ಚತೊಡಗಿದ. ದಾರದ ಗಂಟು ಬಿಚ್ಚುವಷ್ಟೂ ಹೊತ್ತು ಸಿಗಲಿಲ್ಲ.

ಸದ್ದು ಕೇಳಿಸಿದ್ದು ನನಗೆ ನೆನಪಿಲ್ಲ. ಕಿಟಕಿಯ ಗಾಜು ಒಳಗೆ ಬಂದು ಬಿದ್ದದ್ದು, ಬಾಗಿಲು ಅವಳನ್ನು ಹಿಂದಕ್ಕೆ ಎಸೆದದ್ದು ನೆನಪಿದೆ. ಹೊರಗೆ ಕಬ್ಬಿಣದ ಓಣಿ ಇದ್ದ ಕಡೆ ಬರೀ ಬಿಳಿ ಹಬೆ. ಅವಳು ನಿಲ್ಲದೆ ಓಡಿದ್ದರೆ ಆ ಹಬೆಯಲ್ಲಿ ಇರುತ್ತಿದ್ದಳು. ಹನುಮಪ್ಪನನ್ನು ಹೊರಗೆ ತಂದದ್ದು ಸಂಜೆಗೆ.

ತನಿಖೆಗೆ ಬಂದ ಅಧಿಕಾರಿ ಗಾಜಿನ ಕೊಳವೆಯಲ್ಲಿ ಕಸ ಕಟ್ಟಿತ್ತು, ಭೋಂಗಾದ ತಂತಿ ತೆಗೆದಿದ್ದರು ಎಂದು ಬರೆದುಕೊಂಡರು. ತೆರೆಯ ಸುದ್ದಿ ಯಾರೂ ಎತ್ತಲಿಲ್ಲ. ನಾಗರತ್ನಾ ತಾನಾಗಿಯೇ ನಾಲ್ಕು ಪುಟ ಹೇಳಿಕೆ ಬರೆದಳು. "ಯಾರೂ ಕೇಳಿಲ್ಲ, ನೀ ಯಾಕ ಕೊಳ್ಳ ಕೊಡ್ತಿ?" ಎಂದು ನಾನು ತಡೆದೆ. ಅವಳು ಕೇಳಲಿಲ್ಲ. ಅದರಲ್ಲಿ ನನ್ನ ಫೋನಿನ ಮಾತೂ ಇತ್ತು, ಕೆಳಗೆ ನಾನೂ ಸಹಿ ಹಾಕಿದೆ. ಅಧಿಕಾರಿ ಎರಡು ಸಲ ಓದಿ, "ಈ ಡ್ರೈವರ್ ಅಂದ್ರ ಯಾರ್ರಿ, ಲಾರಿ ಡ್ರೈವರೋ ಕ್ರೇನ್ ಡ್ರೈವರೋ? ಅವನ್ನ ಕರಸ್ರಿ" ಎಂದರು. ಅವಳು ಅರ್ಧ ತಾಸು ಬಿಡಿಸಿ ಹೇಳಿದಳು. ಅವರು ತಲೆ ಅಲ್ಲಾಡಿಸಿ ಕಾಗದವನ್ನು ಫೈಲಿಗೆ ಸೇರಿಸಿದರು. ಅದಾದ ಮೇಲೆ ಅದರ ಬಗ್ಗೆ ಯಾರೂ ನಮ್ಮನ್ನು ಕರೆಯಲಿಲ್ಲ.

ಅವಳು ಈಗಲೂ ನನ್ನ ಕೇಂದ್ರದಲ್ಲೇ ಇದ್ದಾಳೆ. ಎರಡು ಗುರುತಿನ ಆ ಡ್ರೈವರನ್ನು ಎಲ್ಲರೂ ಓದಲೆಂದು ಇಂಟರ್ನೆಟ್ಟಿಗೆ ಕಳಿಸಿದಳು. ಎಲ್ಲಿಯವರೋ ಓದಿ ಚೆನ್ನಾಗಿದೆ ಎಂದು ಬರೆದರು. ಆ ಪತ್ರಗಳನ್ನು ತೆರೆದು ನೋಡಿದಳು, ಉತ್ತರ ಬರೆಯಲಿಲ್ಲ. ಯಾಕೆಂದು ನಾನು ಒಬ್ಬನೇ ಬಲ್ಲೆ, ಯಾಕೆಂದರೆ ಚಚಡಿಗೆ ಅವಳ ಜೊತೆ ಹೋದವನು ನಾನು.

ಹನುಮಪ್ಪ ಹೋಗಿ ಹನ್ನೊಂದನೆಯ ದಿನಕ್ಕೆ ಹೋಗಿದ್ದೆವು. ಮಧ್ಯಾಹ್ನದ ಬಿಸಿಲು. ಮಂದಿ ಬಂದು ಹೋಗಿಯಾಗಿತ್ತು. ಅವನ ಹೆಂಡತಿ ಶೆಟ್ಟೆವ್ವ ಬುದ್ಧನ ಪಟದ ಕೆಳಗೆ ಗೋಡೆಗೆ ಒರಗಿ ಕುಳಿತಿದ್ದಳು. ನಾಗರತ್ನಾ ಎದುರಿಗೆ ಕುಳಿತು, ತಾನು ಯಾರು, ತೆರೆಯ ಮೇಲೆ ಏನಾಯಿತು, ತನ್ನ ತಪ್ಪೆಷ್ಟು ಎಂಬುದನ್ನೆಲ್ಲ ಹೇಳಿದಳು. ಶೆಟ್ಟೆವ್ವ ಸುಮ್ಮನೆ ಕೇಳಿದಳು. ಸಿಟ್ಟಾಗಿದ್ದರೆ ನಮಗೆ ಹಗುರಾಗುತ್ತಿತ್ತು.

"ಕಡೀಕ ಏನರ ಅಂದ್ನೇನವಾ ಅವ?" ಎಂದು ಕೇಳಿದಳು.

"ನಾ ನೀರು ಬಿಡಬ್ಯಾಡ್ರಿ ಅಂತ ಒದರಿದ್ನಿ. ಆತ್ರಿ ಅಂದ್ರು. ನನ್ನ ಮಾತು ಕೇಳಿದ್ರು ಅಂತ ತಿಳಕೊಂಡು ನಾ ಬಾಗಲದಾಗ ನಿಂತ್ನಿ. ಆಮ್ಯಾಲೆ ಯಾಕ ಬಿಟ್ರೋ ನನಗ ಇನ್ನೂ ತಿಳಿವಲ್ದು."

ಶೆಟ್ಟೆವ್ವ ತಲೆ ಎತ್ತಿ ಅವಳನ್ನು ನೋಡಿದಳು. "ಆಮ್ಯಾಲೆ ಬಿಟ್ಟಿಲ್ಲವಾ. ಬಿಟ್ಟ ಮ್ಯಾಲೆ ಅಂದಾನ."

"ಏನ್ರಿ?"

"ಅವ ಹೇಳಿದ್ದಕ್ಕ ಹೂಂ ಅನ್ನಾಂವಲ್ಲ. ಇಪ್ಪತ್ತಾರು ವರ್ಸ ಬಾಳೇವು ಮಾಡೇನಿ. ಕೊಡ ತಾ ಅಂದ್ರ ಪಿಟ್ಟ ಅಂತಿದ್ದಿಲ್ಲ, ಕಿವಿ ಕೇಳಸ್ತೋ ಇಲ್ಲೋ ಅಂತ ನಾ ಬೈಕೋಂತ ಕುಂತಿರ್ತಿದ್ನಿ. ತುಂಬಿಕೊಂಡು ಬಂದು, ಇಳಿಸಿಟ್ಟು, ಆವಾಗ ಅಂತಿದ್ದ ಆತು ಅಂತ. ಸಾಹೇಬ ಬಿಡು ಅಂದಿದ್ನಲ್ಲ, ಅದಕ್ಕ ಹೇಳ್ಯಾನ. ಗಾಲಿ ತಿರವೂ ಸದ್ದಿನ್ಯಾಗ ನಿನ್ನ ಮಾತು ಅವಗ ಕೇಳೇ ಇಲ್ಲ."

ಶೆಟ್ಟೆವ್ವ ಎದ್ದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವಳ ಮುಂದೆ ಹಿಡಿದಳು. ನಾಗರತ್ನಾ ಅದನ್ನು ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು.

"ಎಲ್ಲಾರನ್ನೂ ಕೇಳಿದ್ನಿ ಸರ್, ಯಾವ ಆತು ಅಂತ. ಅವರೊಬ್ಬರನ್ನ ಕೇಳಲಿಲ್ಲ."